ಫ್ರೆಂಚ್‌ನ ಮೊದಲ ಪಾಠಗಳು ಮುಗಿದ ಮೇಲೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ವಿದ್ಯಾರ್ಥಿ ಮಿತ್ರರೇ, ಫ್ರೆಂಚ್ ಭಾಷೆಯ ಮೊದಲ ಪಾಠಗಳನ್ನು ಮುಗಿಸಿದ್ದೀರಿ. ಹೆಸರು ಹೇಳಲು, ಬೆಲೆ ಕೇಳಲು, ಗಂಟೆ ವಿಚಾರಿಸಲು ಬರುತ್ತದೆ. ಮುಂದೇನು? ಇಷ್ಟರಿಂದಲೇ ಭಾಷಾಂತರಕಾರರ ಕೆಲಸ ಸಿಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇಲ್ಲಿಗೇ ಕೈಬಿಟ್ಟರೂ ಕಲಿತದ್ದು ಉಳಿಯದು.

ಮೊದಲು ಕಿವಿಯನ್ನು ಪಳಗಿಸಬೇಕು. ಬರೆದಂತೆಯೇ ಓದುವ ಕನ್ನಡಿಗರಿಗೆ ಫ್ರೆಂಚ್ ತೊಡಕಾಗುವುದು ಇಲ್ಲಿಯೇ. ನಾನು ಮಾತನಾಡುತ್ತೇನೆ, ನೀನು ಮಾತನಾಡುತ್ತೀಯೆ, ಅವರು ಮಾತನಾಡುತ್ತಾರೆ ಎಂಬಲ್ಲಿ ಫ್ರೆಂಚ್ ಕ್ರಿಯಾಪದವನ್ನು ಬರೆಯುವ ರೀತಿ ಮೂರು. ಉಚ್ಚಾರ ಮಾತ್ರ ಒಂದೇ, 'ಪಾರ್ಲ್'. ಪುಸ್ತಕವನ್ನಷ್ಟೇ ನೆಚ್ಚಿದವರಿಗೆ ಇದು ಹಿಡಿತಕ್ಕೆ ಸಿಗದು. ಟಿ.ವಿ.5 ಮೊಂದ್ ಚಾನೆಲ್ಲಿನ ಅಂತರಜಾಲ ತಾಣದಲ್ಲಿ ಎ1 ಹಂತದವರಿಗೆಂದೇ ಉಚಿತ ಅಭ್ಯಾಸಗಳಿವೆ. ಅನಂತರ ಆರ್.ಎಫ್.ಐ. ರೇಡಿಯೊದ 'ಸುಲಭ ಫ್ರೆಂಚ್' ವಾರ್ತೆ ಕೇಳಿ. ಸುಮಾರು 10 ನಿಮಿಷದ್ದು. ಹೆಸರಿಗೆ ಸುಲಭ, ಅಷ್ಟೆ! ಮೊದಮೊದಲು ಹತ್ತು ಮಾತಿನಲ್ಲಿ ಒಂದು ತಿಳಿದರೂ ಸಾಕು.

ಪಠ್ಯಪುಸ್ತಕದ ಪ್ಯಾರಿಸ್ಸನ್ನು ಬಿಟ್ಟು ನಿಮ್ಮ ಊರನ್ನು ಕುರಿತು ದಿನಕ್ಕೆ ಐದು ವಾಕ್ಯ ಬರೆಯಿರಿ. ಕೊಟ್ಟೂರಿನವರಿಗೆ ಕೊಟ್ಟೂರೇಶ್ವರನ ತೇರಿದೆ, ಕೂಡ್ಲಿಗಿಯವರಿಗೆ ಗುಡೇಕೋಟೆಯ ಕರಡಿಧಾಮವಿದೆ. ಹಡಗಲಿಯವರಿಗೆ ಮಲ್ಲಿಗೆ. ದಕ್ಷಿಣ ಫ್ರಾನ್ಸಿನ ಗ್ರಾಸ್ ಪಟ್ಟಣವೂ ಮಲ್ಲಿಗೆಗೆ ಹೆಸರುವಾಸಿ; ಅಲ್ಲಿಯ ಸುಗಂಧ ತಯಾರಿಕೆಯ ಕಸುಬನ್ನು 2018ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಬರೆಯಹೊರಟಾಗ ಒಂದು ಸೋಜಿಗ ಕಾಣುತ್ತದೆ. ಫ್ರೆಂಚ್‌ನಲ್ಲಿ ಹೂವು ಸ್ತ್ರೀಲಿಂಗ, ಮಲ್ಲಿಗೆ ಪುಲ್ಲಿಂಗ! ನಮ್ಮಲ್ಲಿ ಎರಡೂ ನಪುಂಸಕಲಿಂಗ. ಇಂಥದ್ದು ಪಟ್ಟಿ ಉರುಹೊಡೆದರೆ ನಿಲ್ಲುವುದಿಲ್ಲ, ಬಳಸಿದರೆ ನಿಲ್ಲುತ್ತದೆ.

ಮಾತನಾಡಲು ಜನ ಎಲ್ಲಿ ಎನ್ನುತ್ತೀರಾ? ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ರೈಲುಮಾರ್ಗ ಹೊಸಪೇಟೆಗೆ ಹೋಗುತ್ತದೆ. ಅಲ್ಲಿಂದ ಹಂಪಿ ಹತ್ತಿರ. ಫ್ರೆಂಚ್ ಪ್ರವಾಸಿಗರು ಸಿಕ್ಕರೆ ಮೊದಲು 'ಬೊಂಜೂರ್' ಎನ್ನಿ. ನಮಸ್ಕಾರವಿಲ್ಲದೆ ಪ್ರಶ್ನೆ ಕೇಳುವುದು ಅವರಲ್ಲಿ ಒರಟುತನ. ನಮ್ಮ 'ನೀನು', 'ನೀವು' ಇದ್ದಂತೆ ಅವರಿಗೂ 'ತ್ಯು', 'ವು' ಇವೆ. ಅಪರಿಚಿತರಿಗೆ 'ವು' ಎನ್ನಬೇಕು. ಇದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ದಾರಿ ತೋರಿಸುವುದು, ಎರಡು ಮಾತನಾಡುವುದು ಸರಿ. ಮಾರ್ಗದರ್ಶಿಯ ವೃತ್ತಿಗೆ ಪರವಾನಗಿ ಬೇಕು.

ಇನ್ನು ಪರೀಕ್ಷೆ. ಡೆಲ್ಫ್ ಪರೀಕ್ಷೆಗೆ ಎ1, ಎ2, ಬಿ1, ಬಿ2 ಎಂಬ ಹಂತಗಳಿವೆ. ಬೆಂಗಳೂರಿನ ಅಲಿಯಾನ್ಸ್ ಫ್ರಾಂಸೇಸ್‌ನಲ್ಲಿ ಬರೆಯಬಹುದು; ಪ್ರಮಾಣಪತ್ರಕ್ಕೆ ಅವಧಿಯ ಮಿತಿಯಿಲ್ಲ. ಫ್ರೆಂಚ್ ಮಾಧ್ಯಮದಲ್ಲಿ ಪದವಿ ಓದಲು ಫ್ರಾನ್ಸಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಬಿ2 ಕೇಳುತ್ತವೆ. ಎ1 ಅದರ ಮೊದಲ ಮೆಟ್ಟಿಲು. ಶುಲ್ಕ, ಪ್ರಯಾಣ ಎರಡೂ ಮನೆಯವರ ದುಡ್ಡು. ಆದ್ದರಿಂದ ಉಚಿತವಾಗಿ ಸಿಗುವ ಮಾದರಿ ಪ್ರಶ್ನೆಪತ್ರಿಕೆಗಳನ್ನು ಮನೆಯಲ್ಲೇ ಬಿಡಿಸಿ ನೋಡಿ. ತೇರ್ಗಡೆಗೆ 100ಕ್ಕೆ 50 ಅಂಕ ಬೇಕು. ಕೇಳುವುದು, ಓದುವುದು, ಬರೆಯುವುದು, ಮಾತನಾಡುವುದು, ಪ್ರತಿಯೊಂದರಲ್ಲೂ 25ಕ್ಕೆ ಕನಿಷ್ಠ 5 ಬರಲೇಬೇಕು. ಮನೆಯಲ್ಲಿ 60 ದಾಟಿದ ಮೇಲೆ ಹಣ ಕಟ್ಟಿ.