ಕಾರು ತೊಳೆಯಲೊಬ್ಬ ಮುಯ್ಯಾಳು

ಮಹಾನವಮಿಯ ಖಂಡೆಪೂಜೆ ಸಮೀಪಿಸಿತೆಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಓಣಿ ಓಣಿಗಳಲ್ಲಿ ನೀರು ಸುರಿಯುವ ಸಪ್ಪಳ ಕೇಳತೊಡಗುತ್ತದೆ. ಹಿಂದೆ ಕುಂಟೆ, ಕೂರಿಗೆ, ಚಕ್ಕಡಿಗಳಿಗೆ ಸಲ್ಲುತ್ತಿದ್ದ ಮಜ್ಜನ ಇಂದು ಟ್ರ್ಯಾಕ್ಟರು, ಮೋಟರ್ ಸೈಕಲ್ಲು, ಕಾರುಗಳಿಗೂ ಸಲ್ಲುತ್ತಿದೆ. ದುಡಿಸಿಕೊಂಡ ವಸ್ತುವಿಗೆ ವರ್ಷಕ್ಕೊಮ್ಮೆಯಾದರೂ ಉಪಕಾರ ಸ್ಮರಿಸುವ ಈ ಪದ್ಧತಿ ಚೆಲುವಾದದ್ದು. ಆದರೆ ಕಾರಿನ ಮೈಮೇಲಿನ ಸಣ್ಣ ಗೀರುಗಳಲ್ಲಿ ಬಹುಪಾಲು ದಾರಿಯಲ್ಲಿ ಬಿದ್ದವಲ್ಲ, ತೊಳೆಯುವ ಕೈಯಿಂದಲೇ ಬಿದ್ದವು ಎಂದರೆ ಅನೇಕರು ನಂಬಲಿಕ್ಕಿಲ್ಲ. ಇಳಿಬಿಸಿಲಿನಲ್ಲಿ ಬಾನೆಟ್ಟಿನ ಮೇಲೆ ಜೇಡರ ಬಲೆಯಂತೆ ಕಾಣುವ ಸುತ್ತುಗೆರೆಗಳು ಅದರ ಸಾಕ್ಷಿ.

ಕಾರಿನ ಬಣ್ಣವೆಂದು ನಾವು ಕರೆಯುವುದು ಹಲವು ಪದರಗಳ ಒಂದು ತೊಗಲು. ತಗಡಿನ ಮೇಲೆ ತುಕ್ಕು ತಡೆಯುವ ಅಸ್ತರಿ, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಕ್ಲಿಯರ್ ಕೋಟ್ ಎಂಬ ನಿರ್ವರ್ಣವಾದ ಮೆರುಗು. ಇವೆಲ್ಲ ಕೂಡಿ ಸಾಮಾನ್ಯವಾಗಿ 100 ಮೈಕ್ರಾನುಗಳ ಆಸುಪಾಸು. ಅದರಲ್ಲಿ ಮೆರುಗಿನ ಪಾಲು 40ರಿಂದ 50. ತಲೆಗೂದಲೊಂದು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ. ಅಂದಮೇಲೆ ಕೂದಲೆಳೆಗಿಂತ ತೆಳುವಾದ ಪೊರೆಯೊಂದೇ ನಮ್ಮ ಬಿಸಿಲಿಗೂ ಧೂಳಿಗೂ ಎದೆಯೊಡ್ಡಿ ನಿಂತಿರುತ್ತದೆ.

ಆ ಧೂಳಾದರೂ ಒಂದೇ ಬಗೆಯದಲ್ಲ. ಬೈಲಹೊಂಗಲದ ಎರೆಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಚಕ್ರದ ಗೂಡಿನಲ್ಲಿ ಅಂಟಿ ಒಣಗಿದರೆ ಹೆಂಟೆಯಾಗಿಬಿಡುತ್ತದೆ. ನೆನೆಸಿ ಬಿಡಿಸಬೇಕೇ ಹೊರತು ಕೆರೆಯಬಾರದು. ಸವದತ್ತಿ, ರಾಮದುರ್ಗಗಳ ಗುಡ್ಡಗಳು ಕಲಾದಗಿ ಸ್ತರದ ಮರಳುಗಲ್ಲಿನವು. ಅವು ಸವೆದು ಉದುರಿಸುವ ಹುಡಿಯಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಬೆಣಚಿನ ಕಾಠಿಣ್ಯ ಮೋಸ್ ಮಾನದಲ್ಲಿ 7. ಉಕ್ಕಿನ ಚಾಕುವೂ ಅದರ ಮುಂದೆ ಮೆದುವೇ. ಒಣ ಅರಿವೆಯಿಂದ ಕಾರನ್ನು ಒಮ್ಮೆ ಜಾಡಿಸಿ ಒರೆಸಿದರೆ ಆ ಕಣಗಳನ್ನು ಮೆರುಗಿನ ಮೇಲೆ ಉಜ್ಜಿದಂತೆಯೇ ಸರಿ. ಸೀಮೆಎಣ್ಣೆ ಅದ್ದಿದ ಅರಿವೆಯಿಂದ ಒರೆಸುವವರೂ ಉಂಟು. ಅರೆಗಳಿಗೆ ಹೊಳೆಯುತ್ತದೆ, ಮರುಗಳಿಗೆ ಊರ ಧೂಳನ್ನೆಲ್ಲ ಹಿಡಿಯುತ್ತದೆ.

ಆದುದರಿಂದ ಈ ಕೆಲಸಕ್ಕೆ ಒಂದು ಇಡೀ ದಿನ ಬೇಕು, ಜೊತೆಗೊಬ್ಬ ಗೆಳೆಯ ಬೇಕು. ಗೆಳೆಯನೇಕೆಂದರೆ, ನಮ್ಮ ಒಣಹವೆಯಲ್ಲಿ ಒಬ್ಬನು ಬಾಗಿಲು ತೊಳೆದು ಮುಗಿಸುವಷ್ಟರಲ್ಲಿ ಮಾಳಿಗೆಯ ಮೇಲಿನ ನೀರು ಆರಿ ಕಲೆ ಕಟ್ಟಿರುತ್ತದೆ. ಕೊಳವೆಬಾವಿಯ ಗಡುಸು ನೀರಿನಲ್ಲಿ ಕರಗಿರುವ ಸುಣ್ಣದಂಶ ನೀರು ಆರಿದಮೇಲೆ ಬಿಳಿಯ ವರ್ತುಲಗಳಾಗಿ ಉಳಿಯುತ್ತದೆ. ಒಬ್ಬನು ತೊಳೆಯುತ್ತ ಹೋದಂತೆ ಇನ್ನೊಬ್ಬನು ಒರೆಸುತ್ತ ಬಂದರೆ ಮಾತ್ರ ಇದನ್ನು ತಪ್ಪಿಸಬಹುದು. ಇದು ನಮ್ಮ ರೈತರಿಗೆ ಹೊಸ ಮಾತೇನೂ ಅಲ್ಲ. ಇಂದು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಕೂಲಿಯಿಲ್ಲದೆ ದುಡಿಯುವ ಮುಯ್ಯಾಳಿನ ಪದ್ಧತಿ ಇದೇ ಅಲ್ಲವೆ? ಈ ಭಾನುವಾರ ಒಬ್ಬರ ಕಾರು, ಬರುವ ಭಾನುವಾರ ಇನ್ನೊಬ್ಬರದು ಎಂದು ಗೊತ್ತುಮಾಡಿಕೊಂಡರೆ ತಂದ ಸಾಮಾನೂ ಇಬ್ಬರಿಗೆ ಸಾಲುತ್ತದೆ.

ಮೊದಲು ಸ್ಥಳದ ಮಾತು. ನದೀತೀರದ ಊರುಗಳಲ್ಲಿ ಗಾಡಿಯನ್ನು ನೇರವಾಗಿ ಹೊಳೆಗೇ ಇಳಿಸುವ ರೂಢಿಯಿದೆ. ಇದನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆಗೆ ನವಿಲುತೀರ್ಥದಲ್ಲಿ ಅಣೆಕಟ್ಟಿದೆ. ಅಲ್ಲಿ ನಿಂತ ನೀರು ಹುಬ್ಬಳ್ಳಿ ಧಾರವಾಡಗಳ ಕೊಡ ತುಂಬುತ್ತದೆ. ಅಲ್ಲಿಂದ ಕೆಳಗಿಳಿದ ಹೊಳೆ ರಾಮದುರ್ಗದ ಮಗ್ಗುಲಲ್ಲಿ ಹರಿಯುತ್ತದೆ. ಇಂಜಿನ್ನಿನ ಎಣ್ಣೆ, ಬ್ರೇಕಿನ ಕರಿಹುಡಿ, ಸಾಬೂನು ಇವನ್ನು ಆ ಹೊಳೆಗೆ ಕಲಸುವುದು 1974ರ ಜಲಮಾಲಿನ್ಯ ಕಾಯಿದೆಗೆ ವಿರುದ್ಧವೆಂಬುದು ಹಾಗಿರಲಿ, ಎತ್ತುಗಳ ಬಾಯಾರಿಕೆಗಾದರೂ ಮರ್ಯಾದೆ ಬೇಡವೆ? ಮನೆಯ ಮುಂದೆ, ನೆರಳಿರುವ ಮಣ್ಣಿನ ನೆಲದಲ್ಲಿ ನಿಲ್ಲಿಸುವುದು ಲೇಸು. ಬೇವಿನ ಕೆಳಗೆ ಮಾತ್ರ ಬೇಡ. ಅಂಟು, ಹಕ್ಕಿಯ ಹಿಕ್ಕೆ ಎರಡೂ ಬೀಳುತ್ತವೆ, ಹಿಕ್ಕೆಯ ಆಮ್ಲ ಬಿಸಿಲಿನಲ್ಲಿ ಮೆರುಗನ್ನು ಕೊರೆಯುತ್ತದೆ.

ನೀರಿನ ಲೆಕ್ಕವೂ ಮುಖ್ಯ. ಪೈಪು ಬಿಟ್ಟು ಕೈಕಟ್ಟಿ ನಿಂತರೆ ಹತ್ತು ಹದಿನೈದು ನಿಮಿಷಗಳಲ್ಲಿ ನೂರು ಲೀಟರಿಗೂ ಮಿಕ್ಕಿ ಹರಿದುಹೋಗುತ್ತದೆ. ಬೆನ್ನಿಗೆ ಹೊರುವ 16 ಲೀಟರಿನ ಬ್ಯಾಟರಿ ಪಂಪು ನಮ್ಮ ಸೀಮೆಯಲ್ಲಿ ಎಲ್ಲೆಡೆ ಸಿಗುತ್ತದೆ. ಬೆಳೆಗೆ ಔಷಧ ಹೊಡೆದದ್ದಲ್ಲ, ಇದಕ್ಕೆಂದೇ ಬೇರೆ ಇಟ್ಟದ್ದಾಗಿರಬೇಕು. ಆ ತುಂತುರು ಧೂಳನ್ನು ಮುಟ್ಟದೆಯೇ ಇಳಿಸುತ್ತದೆ. ಅದರ ಜೊತೆಗೆ ನಾಲ್ಕೈದು ಬಕೆಟ್ಟು ನೀರು ಸಾಕು.

ಬೆಳಗಿನ ಆರಕ್ಕೆ ಆರಂಭಿಸಿ, ಬಿಸಿಲೇರುವ ಮೊದಲು ತೊಳೆತ ಮುಗಿಯಬೇಕು. ಮೊದಲು ಚಕ್ರಗಳು, ಏಕೆಂದರೆ ಅತಿ ಹೊಲಸು ಅಲ್ಲಿಯದೇ. ಅವುಗಳ ಅರಿವೆ ಕಾರಿನ ಮೈಗೆ ತಾಗಬಾರದು. ಬಳಿಕ ಮೇಲಿನಿಂದ ಕೆಳಕ್ಕೆ. ಬಕೆಟ್ಟುಗಳೆರಡು: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರಿನೀರು. ಪ್ರತಿ ಭಾಗ ತೊಳೆದಮೇಲೂ ಅರಿವೆಯನ್ನು ಬರಿನೀರಿನಲ್ಲಿ ಹಿಂಡಿಯೇ ಮರಳಿ ಶಾಂಪೂವಿನಲ್ಲಿ ಅದ್ದಬೇಕು. ಈ ಸಣ್ಣ ಶಿಸ್ತೇ ಇಡೀ ದಿನದ ಜೀವಾಳ. ಹತ್ತಿಯ ಸೀಮೆಯವರಾದ ನಮಗೆ ಹಳೆಯ ಧೋತರದ ಮೇಲೆ ಅಕ್ಕರೆ ಸಹಜ. ಆದರೆ ಅದರ ಚಪ್ಪಟೆ ನೇಯ್ಗೆಯಲ್ಲಿ ಮರಳು ಹೊರಗೇ ಉಳಿದು ಮೆರುಗಿಗೆ ತಾಗುತ್ತದೆ. ಮೈಕ್ರೊಫೈಬರಿನ ಜೊಂಪೆಯೆಳೆಗಳು ಅದನ್ನು ಒಳಗೆ ಸೆಳೆದುಕೊಳ್ಳುತ್ತವೆ. ನೆಲಕ್ಕೆ ಬಿದ್ದ ಅರಿವೆಯನ್ನು ಆ ದಿನ ಮತ್ತೆ ಮುಟ್ಟಕೂಡದು.

ಇಲ್ಲಿ ಭಂಡಾರದ ವಿಷಯ ಹೇಳಲೇಬೇಕು. ಯಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ಬಿಳಿಯ ಕಾರಿಗೆ ಅರಿಷಿಣದ ಹುಡಿ ಮೆತ್ತಿರುವುದು ಸಾಮಾನ್ಯ. ಗಾಬರಿಯಿಂದ ಬಟ್ಟೆಸೋಪು ಹಚ್ಚಿದರೆ ಹಳದಿ ಹೋಗುವ ಬದಲು ಕೆಂಪಾಗುತ್ತದೆ! ಅರಿಷಿಣಕ್ಕೆ ಸುಣ್ಣ ತಾಗಿ ಕುಂಕುಮವಾಗುವುದನ್ನು ಬಲ್ಲ ತಾಯಂದಿರಿಗೆ ಇದರಲ್ಲಿ ಸೋಜಿಗವಿಲ್ಲ. ಸೋಪಿನ ಕ್ಷಾರವೂ ಅದನ್ನೇ ಮಾಡುತ್ತದೆ. ಬರಿನೀರಿನ ತುಂತುರಿನಿಂದ ಹುಡಿಯನ್ನು ಇಳಿಸಿ, ಕ್ಷಾರವಿಲ್ಲದ ಶಾಂಪೂವಿನಿಂದ ತೊಳೆಯಬೇಕು. ಆಮೇಲೂ ನಸುಹಳದಿ ಉಳಿದರೆ ಉಜ್ಜುವ ಗೊಡವೆ ಬೇಡ. ಅರಿಷಿಣದ ಬಣ್ಣ ಬಿಸಿಲನ್ನು ತಾಳದು, ಕೆಲದಿನಗಳಲ್ಲಿ ತಾನೇ ಮಾಸುತ್ತದೆ. ಪೂಜೆಗೆ ಒಡೆದ ನಿಂಬೆಯ ರಸ ಬಣ್ಣದ ಮೇಲೆ ಬಿದ್ದಿದ್ದರೆ ಅದನ್ನು ಮಾತ್ರ ಅಂದೇ ತೊಳೆಯಬೇಕು.

ಒರೆಸಿ ಆರಿದ ಮೈಮೇಲೆ ಅಂಗೈ ಆಡಿಸಿದರೆ ಇನ್ನೂ ತರಿತರಿಯೆನ್ನಿಸಬಹುದು. ಡಾಂಬರಿನ ಚುಕ್ಕೆ, ಬ್ರೇಕಿನ ಕಬ್ಬಿಣದ ಹುಡಿ ಮೆರುಗಿನಲ್ಲಿ ಕಚ್ಚಿಕೊಂಡಿರುತ್ತವೆ. ಕಣಕದಂಥ ಮೆದುವಾದ ಕ್ಲೇ ಎಂಬ ಜೇಡಿಯನ್ನು ಶಾಂಪೂನೀರು ಹನಿಸುತ್ತ ಹಗುರಾಗಿ ಜಾರಿಸಿದರೆ ಅವು ಕಿತ್ತುಬರುತ್ತವೆ. ನಡುಹಗಲಿನವರೆಗೆ ಇದೇ ಕೆಲಸ. ಆಮೇಲೆ ರೊಟ್ಟಿಯೂಟ, ತುಸು ವಿಶ್ರಾಂತಿ.

ಪಾಲಿಶಿನ ವಿಷಯದಲ್ಲಿ ನಾನು ಜಿಪುಣ. ಪಾಲಿಶು ಗೀರನ್ನು ತುಂಬುವುದಿಲ್ಲ. ಗೀರಿನ ಸುತ್ತಲ ಮೆರುಗನ್ನೇ ಒಂದೆರಡು ಮೈಕ್ರಾನು ಸವೆಸಿ ಸಮಮಾಡುತ್ತದೆ. ಇರುವುದೇ 40 ಎಂಬುದನ್ನು ನೆನೆದರೆ ಇದು ಪ್ರತಿವರ್ಷದ ಬಾಬಲ್ಲ. ಯಂತ್ರ ಹಿಡಿದವನ ಕೈಗೆ ಹುರುಪು ಬಂದುಬಿಡುತ್ತದೆ, ಅಂಚುಗಳಲ್ಲಂತೂ ಬಣ್ಣವೇ ಹಾರಿಹೋಗಬಹುದು. ‘ಸಾಕು, ನಿಲ್ಲಿಸು’ ಎನ್ನಲು ಎದುರಿಗೆ ಗೆಳೆಯನಿರಬೇಕಾದುದು ಈ ಹೊತ್ತಿನಲ್ಲಿಯೇ.

ಸಂಜೆಗೆ ಮೇಣ. ಕಾರ್ನೂಬಾ ಎಂಬ ಪ್ರಸಿದ್ಧ ಮೇಣ ಬ್ರೆಜಿಲಿನ ಈಶಾನ್ಯಭಾಗದ ಒಂದು ತಾಳೆಯ ಜಾತಿಯ ಮರದಿಂದ ಬರುತ್ತದೆ. ಆ ಒಣನಾಡಿನಲ್ಲಿ ಮರವು ತನ್ನ ಎಲೆಯ ನೀರು ಆರದಂತೆ ಸ್ರವಿಸಿಕೊಳ್ಳುವ ಕವಚವದು. ಬರವನ್ನು ಬಲ್ಲ ಸವದತ್ತಿ, ರಾಮದುರ್ಗದವರಿಗೆ ಆ ಮರ ದೂರದ ನಂಟನಂತೆ ತೋರಬಹುದು. ತೆಳುವಾಗಿ ಬಳಿದು, ಮಂಜುಕವಿದಂತಾದಾಗ ಒರೆಸಬೇಕು. ದಪ್ಪ ಬಳಿದರೆ ಹೊಳಪು ಹೆಚ್ಚದು, ತೋಳಿನ ನೋವು ಹೆಚ್ಚುತ್ತದೆ.

ಅರಿವೆಗಳನ್ನು ಅಂದೇ ಬೇರೆಯಾಗಿ ಒಗೆದು, ಧೂಳು ತಾಗದಂತೆ ಮುಚ್ಚಳದ ಡಬ್ಬಿಯಲ್ಲಿಡಬೇಕು, ಬರುವ ಭಾನುವಾರ ಗೆಳೆಯನ ಬಾಗಿಲಿಗೆ ಒಯ್ಯಬೇಕಲ್ಲ. ಅವನ ಕಾರು ಕಪ್ಪು ಬಣ್ಣದ್ದಾಗಿದ್ದರೆ ಬೇಗ ಕಾಯುತ್ತದೆ, ನೀರನ್ನೂ ಬೇಗ ಆರಿಸುತ್ತದೆ. ಆ ದಿನ ಐದಕ್ಕೇ ಎದ್ದು ಹೊರಡುವುದು ಒಳ್ಳೆಯದು.