ಪ್ರಮಾಣಿತ ಪರೀಕ್ಷೆ ಮತ್ತು ಮಗುವಿನ ಪ್ರಗತಿ: ಟೆಕ್ಸಾಸ್‌ನ ಅಂತರರಾಷ್ಟ್ರೀಯ ಶಾಲೆಗಳು

ಎಲ್ಲ ಮಕ್ಕಳಿಗೂ ಒಂದೇ ನಿಯಮದಡಿ ನಡೆದು, ಒಂದೇ ಮಾನದಂಡದಲ್ಲಿ ಮೌಲ್ಯಮಾಪನವಾಗುವುದು ಪ್ರಮಾಣಿತ ಪರೀಕ್ಷೆ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳಲ್ಲಿ 2012ರಿಂದ ನಡೆಯುತ್ತಿರುವ ‘ಸ್ಟಾರ್’ ಇಂಥದ್ದು. ಮೂರನೇ ತರಗತಿಯಿಂದ ಶುರುವಾಗುವ ಈ ಪರೀಕ್ಷೆ, ರಾಜ್ಯದ ಪಠ್ಯಕ್ರಮದಲ್ಲಿ ಮಗು ಎಷ್ಟು ಕಲಿತಿದೆ ಎಂಬುದನ್ನು ನೋಡುತ್ತದೆ. ಖಾಸಗಿ ಶಾಲೆಗಳಿಗೆ ಇದು ಕಡ್ಡಾಯವಲ್ಲ. ಹ್ಯೂಸ್ಟನ್‌ನಲ್ಲಿ 1956ರಲ್ಲಿ ಆರಂಭವಾದ ಆಟಿ ಇಂಟರ್‌ನ್ಯಾಷನಲ್ ಸ್ಕೂಲ್, ಡಲ್ಲಾಸ್ ಇಂಟರ್‌ನ್ಯಾಷನಲ್ ಸ್ಕೂಲ್, ಆಸ್ಟಿನ್ ಇಂಟರ್‌ನ್ಯಾಷನಲ್ ಸ್ಕೂಲ್ ಮೂರೂ ಅಂಥ ಖಾಸಗಿ ಶಾಲೆಗಳು; ಮೂರರಲ್ಲೂ ಫ್ರೆಂಚ್ ಪಠ್ಯಕ್ರಮವಿದೆ. ಅಪ್ಪ ಅಮ್ಮನ ಕೆಲಸದ ವರ್ಗಾವಣೆಯಿಂದ ಇಂಥ ಶಾಲೆಗೆ ಬಂದ ಮಗು ಎರಡು ವರ್ಷಕ್ಕೆ ಬೇರೆ ದೇಶಕ್ಕೆ ಹೊರಟುಬಿಡಬಹುದು. ಅಂಥ ಮಗುವಿಗೆ ಬೇಕಾದದ್ದು ಗಡಿ ದಾಟಿದರೂ ಅರ್ಥ ಕಳೆದುಕೊಳ್ಳದ ಅಳತೆ.

ಹೈಸ್ಕೂಲಿನ ಕೊನೆಯಲ್ಲಿ ಆ ಅಳತೆ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್) ಡಿಪ್ಲೊಮಾದಿಂದ ಸಿಗುತ್ತದೆ. ಆರು ವಿಷಯ, ಪ್ರತಿಯೊಂದಕ್ಕೂ ಗರಿಷ್ಠ 7, ಪ್ರಬಂಧ ಮತ್ತು ಜ್ಞಾನಮೀಮಾಂಸೆಗೆ 3 ಸೇರಿ ಒಟ್ಟು 45. ಆದರೆ ಇದು ಶಾಲೆಯ ಓದು ಮುಗಿಯುವ ಹೊತ್ತಿಗೆ ಬರುವ ಫಲಿತಾಂಶ. ನಾಲ್ಕನೇ ತರಗತಿಯ ಮಗು ಈ ವರ್ಷ ಮುಂದೆ ಹೋಯಿತೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಆ ಪ್ರಶ್ನೆಗೆಂದು ಅಮೆರಿಕದ ಹಲವು ಶಾಲೆಗಳು, ಜಗತ್ತಿನ ಅನೇಕ ಅಂತರರಾಷ್ಟ್ರೀಯ ಶಾಲೆಗಳು ‘ಮ್ಯಾಪ್ ಗ್ರೋತ್’ ಎಂಬ ಪರೀಕ್ಷೆ ಬಳಸುತ್ತವೆ. ಕಂಪ್ಯೂಟರ್ ಮುಂದೆ ಕುಳಿತ ಮಗು ಸರಿಯುತ್ತರ ಕೊಟ್ಟರೆ ಮುಂದಿನ ಪ್ರಶ್ನೆ ಕಷ್ಟದ್ದು, ತಪ್ಪಿದರೆ ಸುಲಭದ್ದು. ಸುಮಾರು ಅರ್ಧದಷ್ಟು ಸರಿ, ಅರ್ಧದಷ್ಟು ತಪ್ಪು ಎನ್ನುವ ಮಟ್ಟದಲ್ಲಿ ಅದರ ಅಂಕ ನಿಲ್ಲುತ್ತದೆ. ಈ ಅಂಕಕ್ಕೆ ‘ರಿಟ್’ ಎನ್ನುತ್ತಾರೆ. ತರಗತಿ ಬದಲಾದರೂ ರಿಟ್ ಮಾಪನ ಬದಲಾಗುವುದಿಲ್ಲ. ಹಾಗಾಗಿಯೇ ಶರತ್ಕಾಲ, ಚಳಿಗಾಲ, ವಸಂತದ ಅಂಕಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಬಹುದು.

ಪೋಷಕರು ಎಡವುವುದು ಫಲಿತಾಂಶದ ಹಾಳೆಯನ್ನು ಓದುವಾಗ. ರಿಟ್‌ನಲ್ಲಿ ಸುಮಾರು 3 ಅಂಕ ಆಚೀಚೆ ಆಗುವ ಸಾಧ್ಯತೆ ಯಾವಾಗಲೂ ಇರುತ್ತದೆ. ಶರತ್ಕಾಲದಲ್ಲಿ 203 ಇದ್ದದ್ದು ಚಳಿಗಾಲದಲ್ಲಿ 205 ಆದರೆ ಮಗು ಬೆಳೆಯಿತು ಎನ್ನಲು ಸಾಲದು. ವಸಂತಕ್ಕೆ 214 ಆದರೆ ಧೈರ್ಯವಾಗಿ ಹೇಳಬಹುದು. ಪಕ್ಕದಲ್ಲೇ ಅಚ್ಚಾಗುವ ಪರ್ಸೆಂಟೈಲ್ ಇನ್ನಷ್ಟು ಗೊಂದಲ ಹುಟ್ಟಿಸುತ್ತದೆ. ಎಸ್ಸೆಸ್ಸೆಲ್ಸಿಯ ಶೇಕಡಾವಾರಿಗೆ ಒಗ್ಗಿಹೋದ ಕಣ್ಣಿಗೆ 70 ಎಂದರೆ ನೂರಕ್ಕೆ 70 ಅಂಕ ಎಂದೇ ಕಾಣುತ್ತದೆ. ನಿಜಕ್ಕೂ ಅದರ ಅರ್ಥ, ಅದೇ ತರಗತಿಯ ನೂರು ಮಕ್ಕಳಲ್ಲಿ ಸುಮಾರು 70 ಮಂದಿಗಿಂತ ಮಗು ಮುಂದಿದೆ ಎಂದು. ರಿಟ್ ಏರಿದರೂ ಪರ್ಸೆಂಟೈಲ್ ಇಳಿಯಬಹುದು: ಮಗು ಕಲಿತಿದೆ, ಓರಗೆಯವರು ಇನ್ನೂ ಹೆಚ್ಚು ಕಲಿತಿದ್ದಾರೆ. ಇದು ಗೊತ್ತಿಲ್ಲದೆ ಮಗುವನ್ನು ಗದರುವುದು ಅನ್ಯಾಯ.

ಭಾಷೆಯ ಸಮಸ್ಯೆ ಇದಕ್ಕಿಂತ ದೊಡ್ಡದು. ಮೈಸೂರಿನ ಕನ್ನಡ ಮಾಧ್ಯಮ ಶಾಲೆಯಿಂದ ಬಂದ ಮಗುವಿಗೆ ಕಳೆಯುವ ಲೆಕ್ಕ ಚೆನ್ನಾಗಿ ಗೊತ್ತಿದ್ದರೂ ‘ಹೌ ಮೆನಿ ಫ್ಯೂವರ್’ ಎಂಬ ಪದಪುಂಜದ ಮುಂದೆ ಪೆನ್ಸಿಲ್ ನಿಂತುಬಿಡುತ್ತದೆ. ಆಗ ಪರೀಕ್ಷೆ ಅಳೆದದ್ದು ಇಂಗ್ಲಿಷನ್ನು, ಗಣಿತವನ್ನಲ್ಲ. ಟೆಕ್ಸಾಸ್‌ನ ಸರ್ಕಾರಿ ಶಾಲೆಗಳು ಇದಕ್ಕೊಂದು ದಾರಿ ಮಾಡಿಕೊಂಡಿವೆ. ದಾಖಲಾತಿ ವೇಳೆ ಮನೆಮಾತು ಯಾವುದೆಂದು ಕೇಳುತ್ತಾರೆ. ಇಂಗ್ಲಿಷ್ ಅಲ್ಲವೆಂದಾದರೆ ಮಗುವಿನ ಇಂಗ್ಲಿಷನ್ನು ಪರೀಕ್ಷಿಸುತ್ತಾರೆ. ನೆರವು ಬೇಕಾದ ಮಕ್ಕಳಿಗೆ ವರ್ಷಕ್ಕೊಮ್ಮೆ ‘ಟೆಲ್‌ಪಾಸ್’ ಪರೀಕ್ಷೆ ನಡೆಯುತ್ತದೆ. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕನ್ನೂ ಅದು ಬೇರೆಬೇರೆಯಾಗಿ ಗುರುತಿಸುತ್ತದೆ. ಎರಡು ಮೂರು ಭಾಷೆಯಲ್ಲಿ ಪಾಠ ನಡೆಸುವ ಅಂತರರಾಷ್ಟ್ರೀಯ ಶಾಲೆಗಳಿಗಂತೂ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಫ್ರೆಂಚಿನಲ್ಲಿ ಗಣಿತ ಕಲಿತ ಮಗುವನ್ನು ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದರೆ ಅದರ ಪ್ರಗತಿಯ ಚಿತ್ರ ಅರ್ಧವೇ ಸಿಗುತ್ತದೆ. ತರಗತಿಯ ಬರವಣಿಗೆ, ಪ್ರಾಜೆಕ್ಟ್, ಶಿಕ್ಷಕರ ಟಿಪ್ಪಣಿ ಅಂಕದ ಜೊತೆಗಿರಬೇಕು.

ಪರೀಕ್ಷೆಯ ನಿಯಮಗಳೂ ಬದಲಾಗುತ್ತಿವೆ: 2025ರಲ್ಲಿ ಟೆಕ್ಸಾಸ್ ಎರಡು ಕಾನೂನು ತಂದಿತು. ಸರ್ಕಾರದ ಹಣ ಪಡೆದು ಖಾಸಗಿ ಶಾಲೆಗೆ ಹೋಗುವ ಮಕ್ಕಳು ಮೂರನೇ ತರಗತಿಯಿಂದ ಮೇಲೆ ಪ್ರತಿವರ್ಷ ರಾಷ್ಟ್ರಮಟ್ಟದ ಹೋಲಿಕೆಯುಳ್ಳ ಪ್ರಮಾಣಿತ ಪರೀಕ್ಷೆಯನ್ನೋ ರಾಜ್ಯದ ಪರೀಕ್ಷೆಯನ್ನೋ ಬರೆಯಬೇಕು ಎನ್ನುತ್ತದೆ ಒಂದು. ಇನ್ನೊಂದರ ಪ್ರಕಾರ 2027–28ರಿಂದ ಸ್ಟಾರ್ ಬದಲು ವರ್ಷದ ಆರಂಭ, ನಡುವೆ ಮತ್ತು ಕೊನೆಯಲ್ಲಿ ಮೂರು ಚಿಕ್ಕ ಪರೀಕ್ಷೆಗಳು ನಡೆಯಲಿವೆ.