ಓಟು ಕೇಳುವ ವಕೀಲರು

2024ರ ನವೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಮತದಾರರ ಕೈಗೆ ಬಂದದ್ದು ಒಂದು ಹಾಳೆಯ ಮತಪತ್ರವಲ್ಲ, ಹಾಳೆಗಳ ಕಟ್ಟು. ರಾಷ್ಟ್ರಾಧ್ಯಕ್ಷರಿಂದ ಶಾಲಾ ಮಂಡಳಿಯವರೆಗೆ ಹೆಸರುಗಳು. ರಾಜ್ಯದ 10 ಪ್ರಸ್ತಾವಗಳಲ್ಲದೆ ನಗರದ್ದೇ 15. ಇವುಗಳ ನಡುವೆ, ಯಾರ ಕಣ್ಣೂ ಹೆಚ್ಚು ಹೊತ್ತು ನಿಲ್ಲದ ಕಡೆ, ಒಂದು ಹುದ್ದೆ: ಸಿಟಿ ಅಟಾರ್ನಿ. ಸರಳವಾಗಿ ಹೇಳುವುದಾದರೆ, ಊರಿನ ವಕೀಲ.

ನಮಗಿದು ಸೋಜಿಗವೇ. ನಮ್ಮಲ್ಲಿ ಅಡ್ವೊಕೇಟ್ ಜನರಲ್ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ, ಸರ್ಕಾರ ಹೋದರೆ ಅವರೂ ಹೋಗುತ್ತಾರೆ. ಪಾಲಿಕೆಯ ವಕೀಲರಿಗೆ ಮತ ಕೊಡಿ ಎಂದು ಯಾರೂ ಮನೆ ಬಾಗಿಲಿಗೆ ಬಂದದ್ದಿಲ್ಲ. ಹಾಗೆಂದು ಅಮೆರಿಕದಲ್ಲೆಲ್ಲ ಇದೇ ಪದ್ಧತಿ ಎಂದುಕೊಳ್ಳುವುದೂ ಬೇಡ. ನ್ಯೂಯಾರ್ಕ್, ಶಿಕಾಗೊಗಳಲ್ಲಿ ನಗರದ ವಕೀಲರನ್ನು ಆರಿಸುವವರು ಮೇಯರ್. ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ, ಸಿಯಾಟಲ್, ಸ್ಯಾನ್ ಫ್ರಾನ್ಸಿಸ್ಕೊಗಳಂಥ ಕೆಲವು ನಗರಗಳಲ್ಲಿ ಈ ಕೆಲಸ ಮತದಾರರದ್ದು.

ಡಿಸ್ಟ್ರಿಕ್ಟ್ ಅಟಾರ್ನಿ ಬೇರೆ, ಸಿಟಿ ಅಟಾರ್ನಿ ಬೇರೆ. ಕಳ್ಳತನ, ಕೊಲೆಯ ಆರೋಪಿಗಳನ್ನು ಕಟಕಟೆಗೆ ತರುವವರು ಮೊದಲನೆಯವರು. ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಅಟಾರ್ನಿಗೆ ಕ್ರಿಮಿನಲ್ ಮೊಕದ್ದಮೆಯ ಗೊಡವೆಯಿಲ್ಲ. ಲಾಸ್ ಏಂಜಲೀಸ್, ಸಿಯಾಟಲ್‌ಗಳಲ್ಲಿ ಸಣ್ಣಪುಟ್ಟ ಅಪರಾಧಗಳೂ ಸಿಟಿ ಅಟಾರ್ನಿಯ ಪಾಲಿಗೇ ಬರುವುದರಿಂದ ಅಲ್ಲಿನ ಚುನಾವಣೆ ಬಿಸಿಯೇರುತ್ತದೆ. 2021ರಲ್ಲಿ ಸಿಯಾಟಲ್‌ನ ಒಬ್ಬ ಅಭ್ಯರ್ಥಿ ಇಂಥ ಸಣ್ಣ ಅಪರಾಧಗಳಿಗೆ ಮೊಕದ್ದಮೆ ಹೂಡುವುದನ್ನೇ ಕ್ರಮೇಣ ನಿಲ್ಲಿಸಬೇಕೆಂದು ಹೊರಟು ಸೋತರು. ಎರಡೂ ಕಚೇರಿಗಳನ್ನು ಕಂಡ ಕಮಲಾ ಹ್ಯಾರಿಸ್ 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಅಟಾರ್ನಿ ಕಚೇರಿ ಸೇರಿ, ಅಲ್ಲಿ ಮಕ್ಕಳು ಮತ್ತು ಕುಟುಂಬಗಳ ವಿಭಾಗ ನೋಡಿಕೊಂಡವರು. 2003ರಲ್ಲಿ ಅವರು ಗೆದ್ದದ್ದು ಡಿಸ್ಟ್ರಿಕ್ಟ್ ಅಟಾರ್ನಿ ಹುದ್ದೆಯನ್ನು.

ಸಿಟಿ ಹಾಲ್‌ನ 234ನೇ ಕೋಣೆ ಸ್ಯಾನ್ ಫ್ರಾನ್ಸಿಸ್ಕೊದ ಸಿಟಿ ಅಟಾರ್ನಿ ಕಚೇರಿಯ ವಿಳಾಸ. ದಿನನಿತ್ಯದ ಕೆಲಸದಲ್ಲಿ ರೋಚಕವಾದದ್ದೇನೂ ಇಲ್ಲ. ನಗರದ ಬಸ್ಸು ಯಾರಿಗೋ ಗುದ್ದಿತು, ಯಾರೋ ಫುಟ್‌ಪಾತ್ ಮೇಲೆ ಎಡವಿ ಬಿದ್ದರು. ಪರಿಹಾರ ಕೇಳಿ ಅರ್ಜಿ ಬರುತ್ತದೆ. ಗುತ್ತಿಗೆ ಪತ್ರಗಳನ್ನು ನೋಡಬೇಕು, ಸ್ಥಳೀಯ ಕಾಯ್ದೆಗಳ ಕರಡು ತಿದ್ದಬೇಕು. ಜನರೇ ಸಹಿ ಸಂಗ್ರಹಿಸಿ ತರುವ ಪ್ರಸ್ತಾವಗಳಿಗೆ ಶೀರ್ಷಿಕೆ, ಸಾರಾಂಶ ಬರೆದು ಕೊಡಬೇಕು. ಮೇಯರ್‌ಗೂ ಸಲಹೆ, ಅಲ್ಲಿನ ನಗರಸಭೆಯಾದ ಮೇಲ್ವಿಚಾರಕರ ಮಂಡಳಿಗೂ ಸಲಹೆ. ಇಬ್ಬರೂ ಜಗಳಕ್ಕೆ ನಿಂತಾಗಲೂ.

ಕಚೇರಿಯ ಹೆಸರು ದೂರದವರೆಗೆ ಕೇಳಿಬರುವುದು ಅದು ತಾನೇ ದಾವೆ ಹೂಡಲು ಹೊರಟಾಗ. ವಂಚನೆಯ ವ್ಯಾಪಾರದ ವಿರುದ್ಧ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನಿದೆ. 7,50,000ಕ್ಕಿಂತ ಹೆಚ್ಚು ಜನರಿರುವ ನಗರಗಳ ಅಟಾರ್ನಿಗಳು ಅದರಡಿ ಇಡೀ ರಾಜ್ಯದ ಜನರ ಹೆಸರಿನಲ್ಲೇ ಕೋರ್ಟಿಗೆ ಹೋಗಬಹುದು. ಫುಟ್‌ಪಾತಿನ ಕೇಸು ನೋಡುವ ಕಚೇರಿ ಜಗತ್ತಿನ ದೊಡ್ಡ ಕಂಪನಿಗಳಿಗೆ ಸಮನ್ಸ್ ಕಳಿಸುವುದು ಈ ಬಲದಿಂದ. ಚಾಲಕರನ್ನು ನೌಕರರೆಂದು ಒಪ್ಪದ ಊಬರ್, ಲಿಫ್ಟ್ ಮೇಲೆ 2020ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಜೊತೆ ಮೂರು ನಗರಗಳು ದಾವೆ ಹೂಡಿದವು. ಅವುಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊವೂ ಒಂದು. 2024ರಲ್ಲಿ, ಕೃತಕ ಬುದ್ಧಿಮತ್ತೆಯಿಂದ ಹೆಣ್ಣುಮಕ್ಕಳ ನಕಲಿ ನಗ್ನಚಿತ್ರ ತಯಾರಿಸುವ ಜಾಲತಾಣಗಳ ಸರದಿ ಬಂತು.

ಸಿಟಿ ಅಟಾರ್ನಿಯಾಗಿ ಡೆನ್ನಿಸ್ ಹೆರೆರಾ ಅವರ ಕಾಲವನ್ನು ಬೇರೆಯಾಗಿಯೇ ಹೇಳಬೇಕು. 2004ರ ಫೆಬ್ರುವರಿಯಲ್ಲಿ ಮೇಯರ್ ಗ್ಯಾವಿನ್ ನ್ಯೂಸಮ್ ಸಲಿಂಗಿ ಜೋಡಿಗಳಿಗೆ ಮದುವೆಯ ಪರವಾನಗಿ ಕೊಡಿಸತೊಡಗಿದರು. ಮೇಯರ್‌ಗೆ ಆ ಅಧಿಕಾರವಿಲ್ಲ ಎಂದು ರಾಜ್ಯದ ಸುಪ್ರೀಂ ಕೋರ್ಟ್ ಅದೇ ವರ್ಷ ಆ ಮದುವೆಗಳನ್ನು ಅನೂರ್ಜಿತಗೊಳಿಸಿತು. ಹೆರೆರಾ ಅಲ್ಲಿಗೆ ಬಿಡಲಿಲ್ಲ. ಮದುವೆಯ ಕಾನೂನನ್ನೇ ಪ್ರಶ್ನಿಸುವ ನಗರದ ದಾವೆಯನ್ನು ಮುಂದುವರಿಸಿದರು. 2008ರ ಮೇ ತಿಂಗಳಲ್ಲಿ 4–3ರ ತೀರ್ಪು ಅವರತ್ತ ಬಂತು. ನವೆಂಬರಿನಲ್ಲಿ ಮತದಾರರು ರಾಜ್ಯದ ಸಂವಿಧಾನ ತಿದ್ದಿ ಅದನ್ನು ಕೆಡವಿದರು. ಮತ್ತೆ ಕೋರ್ಟು. 2013ರ ಜೂನ್‌ನಲ್ಲಿ ಮದುವೆಗಳು ಪುನಃ ಶುರುವಾದಾಗ ಅದೇ ಹೆರೆರಾ ಅದೇ ಕುರ್ಚಿಯಲ್ಲಿದ್ದರು. ಒಂಬತ್ತು ವರ್ಷಗಳ ಇಂಥ ಹಟ ನೇಮಕಗೊಂಡ ಅಧಿಕಾರಿಗೆ ಸಾಧ್ಯವಿತ್ತೇ? ಅನುಮಾನ.

ಆದರೆ ಈ ಚುನಾವಣೆಯನ್ನು ಅತಿಯಾಗಿ ಹೊಗಳಲೂ ನನಗೆ ಮನಸ್ಸಿಲ್ಲ. ಅಭ್ಯರ್ಥಿಗೆ ಕನಿಷ್ಠ 10 ವರ್ಷಗಳಿಂದ ರಾಜ್ಯದಲ್ಲಿ ವಕೀಲಿ ಮಾಡುವ ಸನ್ನದು ಇರಬೇಕು. ಮತಪತ್ರದಲ್ಲಿ ಪಕ್ಷದ ಹೆಸರಿಲ್ಲ. ಮತದಾರರು ಒಬ್ಬರನ್ನೇ ಆರಿಸುವ ಬದಲು ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯ ಗುರುತಿಸಬಹುದು. ವ್ಯವಸ್ಥೆಯೇನೋ ಅಚ್ಚುಕಟ್ಟು, ಸ್ಪರ್ಧೆ ಮಾತ್ರ ಸಪ್ಪೆ. ಹೆರೆರಾ ಎದುರಾಳಿಯೇ ಇಲ್ಲದೆ ಗೆದ್ದ ಸಲಗಳುಂಟು. 1986ರಿಂದ ಈಚೆಗೆ ಈ ಹುದ್ದೆ ಕಂಡವರು ಮೂವರೇ. ಮೊದಲ ಮಹಿಳೆ ಲೂಯೀಸ್ ರೆನ್ ಅವರನ್ನು ಕೂರಿಸಿದ್ದು ಮೇಯರ್ ಡಯಾನ್ ಫೈನ್‌ಸ್ಟೈನ್. ಈಗಿನ ಡೇವಿಡ್ ಚಿಯು ಅವರನ್ನು 2021ರಲ್ಲಿ ಕೂರಿಸಿದ್ದು ಮೇಯರ್ ಲಂಡನ್ ಬ್ರೀಡ್. ಮತದಾರರು ಮುದ್ರೆ ಒತ್ತಿದ್ದು ಆಮೇಲೆ.

ಇಷ್ಟಕ್ಕೂ ಈ ವಕೀಲರ ಕಕ್ಷಿದಾರರು ಯಾರು? ಮೇಯರೇ, ಮಂಡಳಿಯೇ, ಓಟು ಹಾಕಿದವರೇ? ಪುಸ್ತಕದ ಉತ್ತರ, ‘ನಗರ’. ಆ ಉತ್ತರ ಎಷ್ಟು ತೊಡಕಿನದು ಎಂಬುದಕ್ಕೆ ಒಳಚರಂಡಿಯ ಮೊಕದ್ದಮೆಯೊಂದೇ ಸಾಕು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಳೆನೀರು, ಕೊಳಚೆನೀರು ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಜೋರು ಮಳೆಗೆ ಉಕ್ಕಿ ಸಮುದ್ರ ಸೇರುತ್ತವೆ. ಕೇಂದ್ರದ ಪರಿಸರ ಸಂರಕ್ಷಣಾ ಸಂಸ್ಥೆ ವಿಧಿಸಿದ ಷರತ್ತುಗಳು ಅಸ್ಪಷ್ಟವಾಗಿವೆ, ಅವನ್ನು ಪಾಲಿಸುವುದು ಹೇಗೆಂದೇ ತಿಳಿಯದು ಎಂದು ನಗರ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು. ಪರಿಸರವಾದಿಗಳಿಗೆ ಆಘಾತ: ದೇಶದಲ್ಲೇ ಹಸಿರು ಊರೆಂದು ಹೆಸರಾದ ನಗರ ಶುದ್ಧನೀರಿನ ಕಾನೂನನ್ನು ಸಡಿಲಗೊಳಿಸಲು ಹೊರಟಿದೆ! ರಾಜಿ ಮಾಡಿಕೊಳ್ಳಿ ಎಂದು ಮೇಲ್ವಿಚಾರಕರ ಮಂಡಳಿಯೇ ನಿರ್ಣಯ ಅಂಗೀಕರಿಸಿತು. ಕೊಳವೆಗಳ ಖರ್ಚು ಹೊರುವ ಜಲ ಇಲಾಖೆ ಮುಂದುವರಿಯಿರಿ ಎಂದಿತು. ಆ ಹೊತ್ತಿಗೆ ಇಲಾಖೆಯ ಮುಖ್ಯಸ್ಥರು ಯಾರೆಂದರೆ, ಹಿಂದೆ ಸಿಟಿ ಅಟಾರ್ನಿಯಾಗಿದ್ದ ಹೆರೆರಾ.

2024ರ ಅಕ್ಟೋಬರಿನಲ್ಲಿ ವಾದ ನಡೆಯಿತು. ನವೆಂಬರಿನಲ್ಲಿ ಚಿಯು ಸುಲಭವಾಗಿ ಮರುಆಯ್ಕೆಯಾದರು. 2025ರ ಮಾರ್ಚ್ 4ರಂದು 5–4ರ ತೀರ್ಪಿನಲ್ಲಿ ನಗರ ಗೆದ್ದಿತು.